ಊರಿನಲ್ಲಿ ನೆತ್ತರು ಹರಿದಾಗ ಕೂಡಿ ಪ್ರಾರ್ಥಿಸುವುದು ಹೇಗೆ?

ಕೊಲೆಯಲ್ಲಿ, ಹೊಡೆದಾಟದಲ್ಲಿ ಸತ್ತವರ ದೇಹ ಮನೆಗೆ ಬೇಗ ಬರುವುದಿಲ್ಲ. ಪಂಚನಾಮೆ, ಶವಪರೀಕ್ಷೆ, ಒಂದು ಸಹಿ, ಮತ್ತೊಂದು ಸಹಿ. ಆ ನಾಲ್ಕೈದು ತಾಸು ಮನೆಯವರು ಆಸ್ಪತ್ರೆಯ ಹಿಂದಿನ ಶವಾಗಾರದ ಹೊರಗೆ, ಬೇವಿನ ನೆರಳಿನಲ್ಲೋ ಬಿಸಿಲಿನಲ್ಲೋ, ನೆಲಕ್ಕೆ ಕುಳಿತಿರುತ್ತಾರೆ. ನಮ್ಮ ಕಥೋಲಿಕ ಧರ್ಮಕೇಂದ್ರದ, ಎಂದರೆ ಊರಿನ ಚರ್ಚಿನ, ಪ್ರಾರ್ಥನೆ ಆರಂಭವಾಗಬೇಕಾದ ಸ್ಥಳ ಅದು. ದೇವಾಲಯದ ಗಂಟೆ, ಮೇಣದಬತ್ತಿ, ಹಾಡು, ಪ್ರಬೋಧನೆ (ಪ್ರವಚನ) ಎಲ್ಲವೂ ಆಮೇಲೆ.

ಧರ್ಮಾಧ್ಯಕ್ಷರ (ಬಿಷಪ್) ಆಡಳಿತದ ನಮ್ಮ ಕಲಬುರಗಿ ಧರ್ಮಕ್ಷೇತ್ರ 2005ರಲ್ಲಿ ಸ್ಥಾಪನೆಯಾದದ್ದು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ನಮ್ಮ ಕುಟುಂಬಗಳು ದೂರ ದೂರದ ಊರುಗಳಲ್ಲಿ ಚದುರಿವೆ. ಗುರುಗಳು (ಪಾದ್ರಿಗಳು) ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆದ್ದರಿಂದ ಉಪದೇಶಿಗಳು (ಧರ್ಮಬೋಧನೆ ಮಾಡುವವರು), ಸಿಸ್ಟರ್‌ಗಳು, ಪಾಲನಾ ಸಮಿತಿಯ ಹಿರಿಯರು ಮತ್ತು ಯುವಕರು ಮಾಡಬೇಕಾದದ್ದು ಬಹಳವಿದೆ. ನಾನು ಹಲವು ವರ್ಷ ಇಂತಹ ಪ್ರಾರ್ಥನೆಗಳನ್ನು ಏರ್ಪಡಿಸಲು ಓಡಾಡಿದವನು. ಮಾಡಿದ ತಪ್ಪುಗಳಿಂದ ಕಲಿತದ್ದೂ ಇದರಲ್ಲಿ ಸೇರಿದೆ.

ಮೊದಲ ದಿನ

ಗಾಯಗೊಂಡವರು ಇನ್ನೂ ಉಸಿರಾಡುತ್ತಿದ್ದರೆ ಮೊದಲು ಗುರುಗಳಿಗೆ ಫೋನ್ ಮಾಡಿ. ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ರೋಗಿಗಳ ಅಭ್ಯಂಗ ಸಂಸ್ಕಾರ ಜೀವಂತ ಇರುವವರಿಗಾಗಿ. ಅದನ್ನು ಗುರುಗಳು ಮಾತ್ರ ಕೊಡಬಲ್ಲರು. ಜೀವ ಹೋಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೂ ಕೊಡಬೇಕೆಂದು ಧರ್ಮಸಭೆಯ ಕಾನೂನಿನ 1005ನೆಯ ವಿಧಿ ಹೇಳುತ್ತದೆ. ಹಾಗಾಗಿ 'ಇನ್ನೇನು ಪ್ರಯೋಜನ' ಎಂದುಕೊಂಡು ಕರೆ ಮಾಡದೆ ಉಳಿಯಬೇಡಿ. ಸತ್ತದ್ದು ಖಚಿತವಾಗಿದ್ದರೆ ಅಭ್ಯಂಗವಿಲ್ಲ. ಮೃತರಿಗಾಗಿ ಪ್ರಾರ್ಥನೆ ಇದೆ, ಅದನ್ನು ಯಾರು ಬೇಕಾದರೂ ಹೇಳಬಹುದು.

ಶವಾಗಾರದ ಹೊರಗೆ ಇಬ್ಬರು ಅಥವಾ ಮೂವರು ಸಾಕು. ಅವರಲ್ಲಿ ಒಬ್ಬರಾದರೂ ಹೆಂಗಸರಿರಲಿ, ಏಕೆಂದರೆ ತಾಯಿಯ ಪಕ್ಕದಲ್ಲಿ ಕುಳಿತು ಕೈ ಹಿಡಿಯಬೇಕಾದವರು ಬೇಕು. ನೀರಿನ ಕ್ಯಾನ್, ಬುತ್ತಿಯಲ್ಲಿ ಒಂದಿಷ್ಟು ರೊಟ್ಟಿ, ಫೋನಿಗೆ ಚಾರ್ಜರ್ ಒಯ್ಯಿರಿ. ಪ್ರಾರ್ಥನೆ ಎಂದರೆ ಜಪಸರದ (ರೋಸರಿ) ಒಂದೇ ಒಂದು ದಶಕ, ಅಂದರೆ ಹತ್ತು ಮಣಿ, ಮೆಲುದನಿಯಲ್ಲಿ. ಅಲ್ಲಿ ಹಾಡಬೇಡಿ. ಪಕ್ಕದಲ್ಲಿ ಇನ್ನೊಂದು ಮನೆಯವರು ತಮ್ಮ ಹೆಣಕ್ಕಾಗಿ ಕಾಯುತ್ತಿರುತ್ತಾರೆ. ಸಾಧ್ಯವಾದರೆ ಅವರ ಸತ್ತವರ ಹೆಸರನ್ನೂ ಕೇಳಿ ಪ್ರಾರ್ಥನೆಗೆ ಸೇರಿಸಿಕೊಳ್ಳಿ.

'ದೇವರ ಚಿತ್ತ', 'ದೇವರು ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ' ಎಂಬ ಮಾತುಗಳನ್ನು ಆಡಬೇಡಿ. ಕೊಲೆ ದೇವರ ಚಿತ್ತವಲ್ಲ. ಕಾಯಿನನು ಆಬೇಲನನ್ನು ಕೊಂದಾಗ ದೇವರು ಹೇಳಿದ್ದು, ನಿನ್ನ ತಮ್ಮನ ರಕ್ತ ನೆಲದಿಂದ ನನ್ನನ್ನು ಕೂಗುತ್ತಿದೆ ಎಂದು. ನಾವು ನಂಬುವ ದೇವರು ಆ ಕೂಗನ್ನು ಕೇಳುವವನು. ಏನು ಹೇಳಬೇಕೆಂದು ತೋಚದಿದ್ದರೆ 'ಅವ್ವಾ, ನಾವು ಇಲ್ಲೇ ಇದ್ದೇವೆ' ಎನ್ನಿ.

ಮನೆಯವರನ್ನು ಕೇಳುವುದು

ಬಲಿಪೂಜೆಯ (ಗುರುಗಳು ಅರ್ಪಿಸುವ ಮಾಸ್) ಸಮಯ, ಶಾಂತಿ ಮೆರವಣಿಗೆಯ ದಾರಿ ಎಲ್ಲವನ್ನೂ ಸಮಿತಿಯವರೇ ತೀರ್ಮಾನಿಸಿ ಮನೆಯವರಿಗೆ ತಿಳಿಸುವ ರೂಢಿ ನಮ್ಮಲ್ಲಿದೆ. ಅದನ್ನು ಬಿಡಬೇಕು. ಮನೆಯವರು ನಂಬುವ ಒಬ್ಬರು, ಒಬ್ಬರೇ, ಹೋಗಿ ಮೂರು ವಿಷಯ ಕೇಳಿಕೊಂಡು ಬರಲಿ. ಪ್ರಾರ್ಥನೆ ಯಾವಾಗ ಬೇಕು, ಎಲ್ಲಿ ಬೇಕು? ಹೆಸರು ಮತ್ತು ಫೋಟೊ ಇಡಬಹುದೇ? ಏನು ಹೇಳಬಾರದು?

ಮೂರನೆಯ ಪ್ರಶ್ನೆಯನ್ನು ನಾನು ಒಮ್ಮೆ ಕೇಳಲಿಲ್ಲ. ಒಂದು ಹಳ್ಳಿಯಲ್ಲಿ, ಮಗನನ್ನು ಕಳೆದುಕೊಂಡ ಮೂರನೆಯ ದಿನ, ಹೊರಗಿನಿಂದ ಬಂದ ಪ್ರಬೋಧಕರೊಬ್ಬರು ಆ ತಾಯಿಯ ಕಡೆಗೆ ತಿರುಗಿ ಕೊಂದವರನ್ನು ಇಂದೇ ಕ್ಷಮಿಸುವಂತೆ ಹೇಳಿದರು. ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು ಹೋದರು. ಎಷ್ಟೋ ತಿಂಗಳು ದೇವಾಲಯದ ಕಡೆ ಬರಲಿಲ್ಲ. ತಪ್ಪು ಆ ಪ್ರಬೋಧಕರನ್ನು ಕರೆಸಿ, ಮೊದಲೇ ಮಾತನಾಡಿಕೊಳ್ಳದ ನನ್ನದೂ ಹೌದು. ಆ ದಿನದಿಂದ ನಾನು ಪ್ರಬೋಧನೆ ಮಾಡುವವರ ಜೊತೆ ಹಿಂದಿನ ಸಂಜೆಯೇ ಕುಳಿತು ಮಾತನಾಡುತ್ತೇನೆ.

ಲೈಂಗಿಕ ಹಿಂಸೆ ನಡೆದಿದ್ದರೆ ಹೆಸರು, ಫೋಟೊ, ಊರು ಯಾವುದನ್ನೂ ಬ್ಯಾನರಿನಲ್ಲಿ, ಮೊಬೈಲ್ ಸಂದೇಶದಲ್ಲಿ ಹಾಕಬೇಡಿ. ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನ ಪ್ರಕಾರ ಅಂತಹವರ ಗುರುತು ಬಹಿರಂಗಪಡಿಸುವುದು ಅಪರಾಧ. 'ನಮ್ಮ ಮಗಳು' ಎಂದರೆ ದೇವರಿಗೆ ಗೊತ್ತಾಗುತ್ತದೆ.

ಯಾವ ಪ್ರಾರ್ಥನೆಯನ್ನು ಆರಿಸಬೇಕು

ಅಂತ್ಯಕ್ರಿಯೆಯ ಬಲಿಪೂಜೆಯನ್ನು ಗುರುಗಳು ನಿರ್ಧರಿಸುತ್ತಾರೆ. ಪವಿತ್ರ ಗುರುವಾರದಿಂದ ಪಾಸ್ಖದವರೆಗಿನ (ಈಸ್ಟರ್) ದಿನಗಳಲ್ಲಿ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನಕಾಲ, ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲ, ಪಾಸ್ಖಕಾಲಗಳ ಭಾನುವಾರಗಳಲ್ಲಿ ಅಂತ್ಯಕ್ರಿಯೆಯ ಪೂಜೆ ಇರುವುದಿಲ್ಲ. ಪೂಜೆಯಿಲ್ಲದೆ ವಾಚನ ಮತ್ತು ಪ್ರಾರ್ಥನೆಯೊಂದಿಗೆ ಮಣ್ಣು ಮಾಡುತ್ತಾರೆ. ಇದನ್ನು ಮನೆಯವರಿಗೆ ಮೊದಲೇ ಮೆತ್ತಗೆ ವಿವರಿಸಿ. ಇಲ್ಲವಾದರೆ 'ನಮ್ಮ ಹುಡುಗನಿಗೆ ಪೂಜೆಯನ್ನೂ ಕೊಡಲಿಲ್ಲ' ಎಂಬ ನೋವು ಕೊನೆಯವರೆಗೂ ಉಳಿಯುತ್ತದೆ. ಇಡೀ ಊರಿನ ಪ್ರಾರ್ಥನೆಗಾಗಿ ಪೂಜಾಗ್ರಂಥದಲ್ಲಿ ಬೇರೆ ಪೂಜೆಗಳಿವೆ: ಶಾಂತಿ ಮತ್ತು ನ್ಯಾಯಕ್ಕಾಗಿ, ಸಂಧಾನಕ್ಕಾಗಿ, ಯುದ್ಧ ಮತ್ತು ಗಲಭೆಯ ಕಾಲಕ್ಕಾಗಿ. ಏಳನೆಯ ದಿನಕ್ಕೋ ಮೂವತ್ತನೆಯ ದಿನಕ್ಕೋ ಇವುಗಳಲ್ಲಿ ಒಂದನ್ನು ಬಳಸಬಹುದೇ ಎಂದು ಗುರುಗಳನ್ನು ಕೇಳಿ.

ಗುರುಗಳು ಬರಲಾಗದ ಸಂಜೆ ಉಪದೇಶಿಯೋ ಸಿಸ್ಟರೋ ನಡೆಸಬಹುದಾದ ಪ್ರಾರ್ಥನೆ ಎಂದರೆ ದೇವರ ವಾಕ್ಯದ ಜಾಗರಣೆ ಮತ್ತು ಜಪಸರ. ಜಪಸರದಲ್ಲಿ ಯೇಸುವಿನ ಯಾತನೆಯನ್ನು ಧ್ಯಾನಿಸುವ ದುಃಖದ ರಹಸ್ಯಗಳು ಮಂಗಳವಾರ, ಶುಕ್ರವಾರಕ್ಕೆಂದು ಇದ್ದರೂ ಇಂತಹ ಹೊತ್ತಿನಲ್ಲಿ ಯಾವ ವಾರವಾದರೂ ಹೇಳಬಹುದು. ಪ್ರತಿ ದಶಕದ ಮೊದಲು ಒಂದೇ ವಾಕ್ಯ ಸಾಕು: 'ಗೆತ್ಸೆಮನೆಯಲ್ಲಿ ಯೇಸುವಿಗೂ ಆ ರಾತ್ರಿ ಜೊತೆಗಾರರು ಎಚ್ಚರವಾಗಿರಲಿಲ್ಲ.' ಕೊನೆಯಲ್ಲಿ ಮಾತೆ ಮರಿಯಮ್ಮನವರ ಲಿತಾನಿ (ಸಾಲು ಸಾಲು ಬಿನ್ನಹಗಳ ಪ್ರಾರ್ಥನೆ) ಹೇಳುವಾಗ 'ಶಾಂತಿಯ ರಾಣಿ' ಎಂಬ ಬಿನ್ನಹವನ್ನು ಮೂರು ಬಾರಿ ಹೇಳಿಸುತ್ತೇನೆ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು (ಪೋಪ್) ಲಿತಾನಿಗೆ ಸೇರಿಸಿದ ಬಿನ್ನಹವದು. ಸೈನಿಕರ ತಾಯಂದಿರ ಕಣ್ಣೀರಿನ ಕಾಲದಲ್ಲಿ ಬಂದ ಮಾತು ಎಂದು ತಿಳಿದರೆ ನಮ್ಮ ಹೆಂಗಸರು ಅದನ್ನು ಬೇರೆಯೇ ದನಿಯಲ್ಲಿ ಹೇಳುತ್ತಾರೆ.

ಸ್ವಸ್ಥತೆಯ ಪ್ರಾರ್ಥನೆಯ ಬಗ್ಗೆ ಒಂದು ಎಚ್ಚರಿಕೆ. ದುರಂತವಾದ ಊರಿಗೆ ಮೈಕು, ಕೀಬೋರ್ಡು ಹೊತ್ತುಕೊಂಡು 'ಇಂದೇ ಗುಣ' ಎನ್ನುತ್ತ ಬರುವವರಿದ್ದಾರೆ. 2000ನೆಯ ಇಸವಿಯ ಸೆಪ್ಟೆಂಬರ್ 14ರಂದು ವ್ಯಾಟಿಕನ್ ಈ ಕುರಿತು ಸೂಚನೆಗಳನ್ನು ಹೊರಡಿಸಿತು. ಗುಣಪಡಿಸುವಂತೆ ದೇವರನ್ನು ಬೇಡುವುದು ಒಳ್ಳೆಯದೇ. ಆದರೆ ಉನ್ಮಾದ, ನಾಟಕೀಯತೆ, ಕೃತಕ ಆವೇಶ ಇರಬಾರದು, ಸ್ವಸ್ಥತೆಯ ಆರಾಧನಾವಿಧಿಗೆ ಧರ್ಮಾಧ್ಯಕ್ಷರ ಅನುಮತಿ ಬೇಕು, ಅದನ್ನು ಬಲಿಪೂಜೆಯೊಳಗೆ ಬೆರೆಸಬಾರದು ಎಂದು ಅದರಲ್ಲಿದೆ. ಬೆಚ್ಚಿಬಿದ್ದ ಮಗುವನ್ನು ಗುಂಪಿನ ಮುಂದೆ ನಿಲ್ಲಿಸಿ ತಲೆಯ ಮೇಲೆ ಕೈಯಿಟ್ಟು ಕೂಗುವುದು ಪ್ರಾರ್ಥನೆಯಲ್ಲ, ಅದು ಎರಡನೆಯ ಗಾಯ.

ಹಿಂಸೆ ದೇವಾಲಯದ ಒಳಗೇ ನಡೆದಿದ್ದರೆ, ನೆಲ ತೊಳೆದು ಮರುದಿನವೇ ಪೂಜೆಗೆ ಕೂರುವಂತಿಲ್ಲ. ಧರ್ಮಸಭೆಯ ಕಾನೂನಿನ 1211ನೆಯ ವಿಧಿಯಂತೆ ಆ ಸ್ಥಳ ಅಪವಿತ್ರವಾಗಿದೆಯೇ ಎಂಬುದನ್ನು ಧರ್ಮಾಧ್ಯಕ್ಷರು ತೀರ್ಮಾನಿಸುತ್ತಾರೆ. ಹಾಗಿದ್ದರೆ ಪ್ರಾಯಶ್ಚಿತ್ತ ವಿಧಿಯಾಗುವವರೆಗೆ ಅಲ್ಲಿ ಪೂಜೆಯಿಲ್ಲ. ಸೇರಿಯೇ ಪ್ರಾರ್ಥಿಸಲಾಗದ ಸ್ಥಿತಿಯೂ ಬರಬಹುದು. 2019ರ ಪಾಸ್ಖದ ಭಾನುವಾರ ಶ್ರೀಲಂಕಾದ ದೇವಾಲಯಗಳಲ್ಲಿ ಬಾಂಬ್ ಸ್ಫೋಟಗಳಾದ ಮುಂದಿನ ಭಾನುವಾರ, ದೇವಾಲಯಗಳು ಮುಚ್ಚಿದ್ದಾಗ, ಕಾರ್ಡಿನಲ್ ಮಾಲ್ಕಮ್ ರಂಜಿತ್ ಅವರು ಟಿವಿಯಲ್ಲಿ ಪೂಜೆ ಅರ್ಪಿಸಿದರು, ಜನ ಮನೆಗಳಿಂದ ಪಾಲ್ಗೊಂಡರು. ನಮ್ಮಲ್ಲಿ ನಿಷೇಧಾಜ್ಞೆ ಇದ್ದರೆ ಎಲ್ಲ ಮನೆಗಳಲ್ಲೂ ಸಂಜೆ ಒಂದೇ ಹೊತ್ತಿಗೆ ದೀಪ ಹಚ್ಚಿ ಬೈಬಲಿನ ಒಂದೇ ಕೀರ್ತನೆ ಓದುವಂತೆ ಹೇಳಿಕಳುಹಿಸಿ.

ವಾಚನಗಳು: ಅಳುವುದಕ್ಕೆ ಜಾಗವಿರಲಿ

ಪ್ರಾರ್ಥನೆಯ ಜೀವ ಇರುವುದು ಇಲ್ಲಿ, ನಾವು ಹೆಚ್ಚು ಅವಸರ ಮಾಡುವುದೂ ಇಲ್ಲಿಯೇ. ದುಃಖ ಕಂಡ ಕೂಡಲೇ ಸಾಂತ್ವನದ ವಾಚನಕ್ಕೆ ಕೈ ಹಾಕುತ್ತೇವೆ. ಬೈಬಲ್ ಹಾಗೆ ಮಾಡುವುದಿಲ್ಲ. ನೂರೈವತ್ತು ಕೀರ್ತನೆಗಳಲ್ಲಿ ದೊಡ್ಡ ಪಾಲು ದೂರುಗಳೇ. 13ನೆಯ ಕೀರ್ತನೆ 'ಎಲ್ಲಿಯವರೆಗೆ, ಪ್ರಭು?' ಎಂದು ನಾಲ್ಕು ಬಾರಿ ಕೇಳುತ್ತದೆ. 88ನೆಯದಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಕೊನೆಯಲ್ಲಿ ಒಂದು ಸಾಲಿನ ಸಮಾಧಾನವೂ ಇಲ್ಲ. ಹಾಗಿದ್ದರೂ ಅದು ಪ್ರಾರ್ಥನೆ, ಏಕೆಂದರೆ ಅದು ದೇವರ ಮುಖಕ್ಕೇ ಹೇಳಿದ ಮಾತು. ನಮ್ಮ ಕಡೆಯ ಹೆಂಗಸರು ಹೆಣದ ಮುಂದೆ ಕುಳಿತು ಹೆಸರು ಹಿಡಿದು, ಗುಣ ಹೇಳಿ ಅಳುವುದನ್ನು ಕೇಳಿದವರಿಗೆ ಈ ಕೀರ್ತನೆಗಳು ಅಪರಿಚಿತ ಎನಿಸುವುದಿಲ್ಲ. ಹಾಗೆ ಅಳುವವರನ್ನು 'ಸುಮ್ಮನಿರಮ್ಮ, ಪ್ರಾರ್ಥನೆ ಶುರುವಾಗುತ್ತಿದೆ' ಎಂದು ತಡೆಯಬೇಡಿ. ಪ್ರಾರ್ಥನೆ ಆಗಲೇ ಶುರುವಾಗಿರುತ್ತದೆ.

ನಾನು ಇಟ್ಟುಕೊಳ್ಳುವ ಕ್ರಮ ಹೀಗಿದೆ. ಮೊದಲ ವಾರ 13ನೆಯ ಅಥವಾ 130ನೆಯ ಕೀರ್ತನೆ. 130ನೆಯದು ಆಳದಿಂದ ಕೂಗಿ, ಇರುಳ ಕಾವಲುಗಾರ ಬೆಳಗನ್ನು ಕಾಯುವುದಕ್ಕಿಂತ ಹೆಚ್ಚಾಗಿ ಪ್ರಭುವನ್ನು ಕಾಯುತ್ತೇನೆ ಎನ್ನುತ್ತದೆ. ತೊಗರಿ ರಾಶಿ ಕಾಯಲು ಹೊಲದಲ್ಲಿ ಮಲಗಿದವರಿಗೆ ಆ ಕಾಯುವಿಕೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ವಾಚನಕ್ಕೆ ಬೈಬಲಿನ ಪ್ರಲಾಪಗಳು ಗ್ರಂಥದ ಮೂರನೆಯ ಅಧ್ಯಾಯ, 17ರಿಂದ 26ನೆಯ ವಚನ (3:17-26). ಅದು 'ನೆಮ್ಮದಿ ಎಂಬುದನ್ನೇ ಮರೆತಿದ್ದೇನೆ' ಎಂಬ ಅರ್ಥದಲ್ಲಿ ಆರಂಭವಾಗಿ ನಿಧಾನಕ್ಕೆ ಭರವಸೆಯ ಕಡೆ ಹೊರಳುತ್ತದೆ. ಓದುವವರು ಇಪ್ಪತ್ತನೆಯ ವಚನದ ಬಳಿಕ ಮೂರು ಉಸಿರಿನಷ್ಟು ನಿಲ್ಲಲಿ.

ಶುಭಸಂದೇಶಕ್ಕೆ, ಎಂದರೆ ಯೇಸುವಿನ ಜೀವನ ಹೇಳುವ ಗ್ರಂಥಗಳ ವಾಚನಕ್ಕೆ, ಯೊವಾನ್ನ 11:32-45. 'ನೀವು ಇಲ್ಲಿದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ' ಎಂದು ಸತ್ತ ಲಾಜರನ ಸಹೋದರಿ ಮರಿಯಳು ಯೇಸುವಿನ ಮೇಲೆಯೇ ದೂರು ಹಾಕುತ್ತಾಳೆ. ಯೇಸು ಗದರುವುದಿಲ್ಲ, ಅಳುತ್ತಾರೆ. ಲಾಜರನನ್ನು ಎಬ್ಬಿಸಲಿರುವವರೂ ಮೊದಲು ಅತ್ತರು. ಮೂವತ್ತನೆಯ ದಿನಕ್ಕೆ ಯೊವಾನ್ನ 20:19-23 ಚೆನ್ನಾಗಿ ಹೊಂದುತ್ತದೆ. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡಿದ್ದಾರೆ. ಯೇಸು ಬಂದು 'ನಿಮಗೆ ಶಾಂತಿ' ಎನ್ನುತ್ತ ಕೈಯನ್ನೂ ಪಕ್ಕೆಯನ್ನೂ ತೋರಿಸುತ್ತಾರೆ. ಪುನರುತ್ಥಾನದ ಬಳಿಕವೂ ಗಾಯದ ಗುರುತು ಹಾಗೆಯೇ ಇದೆ. ಶಾಂತಿ ಎಂದರೆ ಆಗಿದ್ದನ್ನು ಮರೆತುಬಿಡುವುದು ಎಂದುಕೊಂಡವರಿಗೆ ಈ ವಾಚನವನ್ನು ಮತ್ತೆ ಓದಿ ಹೇಳುತ್ತೇನೆ.

ಸತ್ತವರು ಮಕ್ಕಳಾಗಿದ್ದರೆ ಮತ್ತಾಯ 2:16-18. ರಾಮಾದಲ್ಲಿ ರಾಖೇಲಳು ತನ್ನ ಮಕ್ಕಳಿಗಾಗಿ ಅಳುತ್ತ, ಸಮಾಧಾನ ಮಾಡಲು ಬಂದವರಿಂದ ಸಮಾಧಾನ ಹೊಂದಲು ಒಪ್ಪುವುದಿಲ್ಲ. ಸಮಾಧಾನ ಬೇಡ ಎನ್ನುವ ತಾಯಿಗೂ ಶುಭಸಂದೇಶದಲ್ಲಿ ಜಾಗವಿದೆ.

ಒಂದು ಸಂಜೆಯ ಪ್ರಾರ್ಥನೆ

ಒಟ್ಟು ಐವತ್ತು ನಿಮಿಷ ಮೀರದಿರಲಿ. ದುಃಖದಲ್ಲಿರುವ ಮೈಗೆ ಅದಕ್ಕಿಂತ ಹೆಚ್ಚು ಕೂರುವ ಶಕ್ತಿಯಿಲ್ಲ. ಮೇ ತಿಂಗಳಲ್ಲಿ ನಮ್ಮ ಬಿಸಿಲು 42 ಡಿಗ್ರಿ ದಾಟುತ್ತದೆ, ಪರ್ಸಿ ಕಲ್ಲು ಹೊತ್ತು ಮುಳುಗಿದ ಮೇಲೂ ಕಾದಿರುತ್ತದೆ. ಆದ್ದರಿಂದ ಏಳು ಗಂಟೆಗೆ ಆರಂಭಿಸಿ, ಜಮಖಾನ ಹಾಸಿ, ನೀರು ಇಡಿ.

ದೀಪಗಳಿಲ್ಲದೆ ಆರಂಭಿಸುತ್ತೇವೆ. ಶಿಲುಬೆ ಮಾತ್ರ ಮುಂದೆ. ಎರಡು ನಿಮಿಷ ಮೌನ. ನಡೆಸುವವರು ಗಡಿಯಾರ ನೋಡಿಕೊಂಡು ಪೂರ್ತಿ ಎರಡು ನಿಮಿಷ ಬಿಡಬೇಕು, ಅದು ಬಹಳ ಉದ್ದ ಅನ್ನಿಸುತ್ತದೆ. ಬಳಿಕ ಪಾಸ್ಖದ ದೊಡ್ಡ ಮೇಣದಬತ್ತಿಯನ್ನು ಹಚ್ಚಿ, ಮನೆಯವರು ಒಪ್ಪಿದ್ದರೆ ಸತ್ತವರ ಹೆಸರನ್ನು ಒಮ್ಮೆ ನಿಧಾನವಾಗಿ ಹೇಳಬೇಕು, ತಂದೆಯ ಹೆಸರು, ಮನೆತನದ ಹೆಸರಿನ ಸಮೇತ. ಪತ್ರಿಕೆಯಲ್ಲಿ 'ಯುವಕ' ಎಂದಷ್ಟೇ ಬಂದವನಿಗೆ ಇಲ್ಲಿ ಪೂರ್ತಿ ಹೆಸರು ಸಿಗಲಿ. ಕೀರ್ತನೆ, ವಾಚನ, ಶುಭಸಂದೇಶ, ಐದು ನಿಮಿಷದ ಪ್ರಬೋಧನೆ. ಅಂತ್ಯಕ್ರಿಯೆಯ ಪೂಜೆಯಲ್ಲಿ ಪ್ರಬೋಧನೆ ಹೊಗಳಿಕೆಯ ಭಾಷಣವಾಗಬಾರದೆಂದು ಧರ್ಮಸಭೆಯ ನಿಯಮವೇ ಇದೆ. ಇಲ್ಲಿಯೂ ಅದನ್ನೇ ಪಾಲಿಸುವುದು ಮೇಲು. ರಾಜಕಾರಣಿಗಳು ಬಂದಿದ್ದರೆ ಅವರೂ ಎಲ್ಲರಂತೆ ಜಮಖಾನದ ಮೇಲೆ ಕೂರಲಿ, ಮೈಕು ಅವರ ಕೈಗೆ ಹೋಗದಿರಲಿ.

ಆಮೇಲೆ ವಿಶ್ವಾಸಿಗಳ ಪ್ರಾರ್ಥನೆ, ಪ್ರಭು ಕಲಿಸಿದ ಪ್ರಾರ್ಥನೆ, ಕೈಮುಗಿದು ಶಾಂತಿಯ ವಂದನೆ, ಕೊನೆಗೆ ಒಬ್ಬೊಬ್ಬರೇ ದೊಡ್ಡ ಮೇಣದಬತ್ತಿಯಿಂದ ತಮ್ಮ ಚಿಕ್ಕ ಬತ್ತಿ ಹಚ್ಚಿಕೊಂಡು ಮನೆಗೆ. ಗಾಳಿಯಿದ್ದರೆ ಮಣ್ಣಿನ ಹಣತೆ ವಾಸಿ.

ವಿಶ್ವಾಸಿಗಳ ಪ್ರಾರ್ಥನೆಯ ಮಾತುಗಳನ್ನು ಮೊದಲೇ ಬರೆದು, ಮನೆಯವರಿಗೆ ಓದಿ ತೋರಿಸಿ. ನಾವು ಬಳಸುವ ಒಂದು ನಮೂನೆ:

'ನಮ್ಮ ನಡುವಿನಿಂದ ಕಿತ್ತುಕೊಳ್ಳಲ್ಪಟ್ಟ ಈ ಮಗನನ್ನು ನಿಮ್ಮ ಮಡಿಲಿಗೆ ಒಪ್ಪಿಸುತ್ತೇವೆ. ಕೊನೆಯ ಗಳಿಗೆಯಲ್ಲಿ ನಾವು ಅವನ ಹತ್ತಿರ ಇರಲಿಲ್ಲ. ನೀವು ಇದ್ದಿರೆಂದು ನಂಬುತ್ತೇವೆ. ಪ್ರಭುವೇ, ನಿಮ್ಮನ್ನು ಬೇಡುತ್ತೇವೆ.

ಹೊಟ್ಟೆಯಲ್ಲಿ ಬೆಂಕಿ ಹೊತ್ತ ಈ ತಾಯಿಗಾಗಿ, ಮಾತು ಕಳೆದುಕೊಂಡ ತಂದೆಗಾಗಿ, ರಾತ್ರಿ ಬೆಚ್ಚಿ ಏಳುವ ತಮ್ಮ ತಂಗಿಯರಿಗಾಗಿ ಪ್ರಾರ್ಥಿಸುತ್ತೇವೆ. ಅವರ ನಿದ್ದೆಯನ್ನು ಅವರಿಗೆ ಮರಳಿ ಕೊಡಿ.

ಕಂಡದ್ದನ್ನು ಕಂಡಂತೆ ಹೇಳುವ ಧೈರ್ಯವನ್ನು ಸಾಕ್ಷಿಗಳಿಗೆ ಕೊಡಿ. ಪೊಲೀಸರಿಗೂ ನ್ಯಾಯಾಧೀಶರಿಗೂ ಅಂಜಿಕೆಯಿಲ್ಲದ, ಆಸೆಯಿಲ್ಲದ ಮನಸ್ಸು ಕೊಡಿ.

ಈ ಕೃತ್ಯ ಮಾಡಿದವರಿಗಾಗಿ ನಾವು ಬೇಡಲು ಇನ್ನೂ ಶಕ್ತರಲ್ಲ. ಶಿಲುಬೆಯ ಮೇಲಿನಿಂದ ಬೇಡಿದ ನೀವೇ ನಮ್ಮ ಪರವಾಗಿ ಬೇಡಿ.

ಈ ಓಣಿಯಲ್ಲಿ ಮತ್ತೊಂದು ಮನೆಯ ದೀಪ ಆರದಂತೆ ಕಾಪಾಡಿ.'

ನಾಲ್ಕನೆಯ ಬಿನ್ನಹವನ್ನು ಬರೆಯಲು ನಮಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ವೈರಿಗಳಿಗಾಗಿ ಪ್ರಾರ್ಥಿಸಿ ಎಂಬುದು ಯೇಸುವಿನ ಆಜ್ಞೆ, ಬಿಟ್ಟುಬಿಡುವಂತಿಲ್ಲ. ಆದರೆ ಬಾರದ ಭಾವನೆಯನ್ನು ಬಂದಂತೆ ಹೇಳುವುದೂ ಸುಳ್ಳು. ಆರೋಪಿಯ ಹೆಸರು, ಜಾತಿ, ಧರ್ಮವನ್ನು ಪೀಠದಿಂದ ಎಂದೂ ಹೇಳಬೇಡಿ. ಅವನ ತಾಯಿಯೂ ಇದೇ ದೇವಾಲಯದ ಹಿಂದಿನ ಸಾಲಿನಲ್ಲಿ ಕುಳಿತಿರಬಹುದು.

ಕ್ಷಮೆಯ ವಿಚಾರ

1981ರ ಮೇ 13ರಂದು ಗುಂಡೇಟು ತಿಂದ ಎರಡನೆಯ ಜಾನ್ ಪೌಲ್ ಜಗದ್ಗುರುಗಳು ನಾಲ್ಕೇ ದಿನಕ್ಕೆ ಆಸ್ಪತ್ರೆಯಿಂದ ಗುಂಡು ಹಾರಿಸಿದವನನ್ನು ಕ್ಷಮಿಸಿರುವುದಾಗಿ ಹೇಳಿದರು, 1983ರಲ್ಲಿ ಜೈಲಿಗೆ ಹೋಗಿ ಅವನ ಕೈ ಹಿಡಿದರು. ಆದರೂ ಅವನು ಇಟಲಿಯ ಜೈಲಿನಲ್ಲಿ 2000ದವರೆಗೆ ಇದ್ದ. ಕ್ಷಮೆ ನ್ಯಾಯಾಲಯದ ಬಾಗಿಲು ಮುಚ್ಚಲಿಲ್ಲ. ನಮ್ಮ ಹಳ್ಳಿಗಳಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಕ್ಷಮೆಯ ಹೆಸರಿನಲ್ಲಿ ಕಟ್ಟೆಯ ಮೇಲೆ ರಾಜಿ ಮಾಡಿಸಿ ದೂರು ಹಿಂತೆಗೆಸುವ ಹುನ್ನಾರ ನಡೆಯುತ್ತದೆ, ಅದರಲ್ಲೂ ಸತ್ತವರು ಬಡವರಾಗಿದ್ದರೆ. ಪ್ರಾರ್ಥನೆಯ ಗುಂಪು ಆ ಕಟ್ಟೆಗೆ ಸಾಕ್ಷಿಯಾಗಬಾರದು.

ಇನ್ನೊಂದು ಕಥೆ ನಮಗೆ ಇನ್ನೂ ಹತ್ತಿರದ್ದು. ಮಧ್ಯಪ್ರದೇಶದಲ್ಲಿ ಬಡ ರೈತರ ಪರ ದುಡಿಯುತ್ತಿದ್ದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರ ಫೆಬ್ರುವರಿ 25ರಂದು ಬಸ್ಸಿನಲ್ಲೇ ಇರಿದು ಕೊಂದರು. ಅವರ ತಂಗಿ, ಅವರೂ ಸಿಸ್ಟರ್, 2002ರಲ್ಲಿ ಜೈಲಿಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. 2017ರಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು (ಸಂತ ಪದವಿಗೆ ಹಿಂದಿನ ಹಂತ) ಘೋಷಿಸಲಾಯಿತು. ಈ ಕಥೆ ಹೇಳುವವರು ರಾಖಿಯನ್ನು ಹೇಳಿ, ನಡುವಿನ ಏಳು ವರ್ಷಗಳನ್ನು ನುಂಗಿಬಿಡುತ್ತಾರೆ. ಸನ್ಯಾಸಿನಿಗೇ ಏಳು ವರ್ಷ ಹಿಡಿದ ದಾರಿಯನ್ನು ಕೂಲಿ ಮಾಡುವ ತಾಯಿ ಮೂರು ದಿನದಲ್ಲಿ ನಡೆಯಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ನೆರೆಹೊರೆಯವರು ಬಂದಾಗ

ಬೀದರ್ ಕಡೆ ಮೆಥೋಡಿಸ್ಟ್ ಸಭೆಯ ಬಂಧುಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕೂಡಿ ಪ್ರಾರ್ಥಿಸುವುದಾದರೆ ಜ್ಞಾನಗ್ರಂಥದ ವಾಚನ ಬೇಡ, ಅದು ಅವರ ಬೈಬಲಿನಲ್ಲಿಲ್ಲ. ಪ್ರಲಾಪಗಳು ಅಥವಾ ರೋಮನರಿಗೆ 8:31-39 ಎರಡೂ ಕಡೆಯವರ ಕೈಯಲ್ಲಿರುತ್ತದೆ. ಪ್ರಭು ಕಲಿಸಿದ ಪ್ರಾರ್ಥನೆಯ ಪದಗಳು ಸ್ವಲ್ಪ ಬೇರೆ ಬೇರೆ. ಒಂದು ಪಾಠವನ್ನು ಅಚ್ಚು ಹಾಕಿಸಿ ಹಂಚಿ.

ಹಿಂದೂ, ಮುಸ್ಲಿಂ ನೆರೆಯವರೂ ಬರುತ್ತಾರೆ. ಶರಣಬಸವೇಶ್ವರರ ಗುಡಿಗೂ ಬಂದಾ ನವಾಜರ ದರ್ಗಾಕ್ಕೂ ಎಲ್ಲ ಮತದವರು ನಡೆದುಕೊಳ್ಳುವ ಊರು ಕಲಬುರಗಿ, ಹಾಗಾಗಿ ಬಂದವರಿಗೆ ಹೇಗೆ ಕೂರಬೇಕೆಂದು ಗೊತ್ತಿರುತ್ತದೆ. ಅವರನ್ನು ಮುಂದೆ ಕೂರಿಸಿ, ಮೌನದಲ್ಲಿ ಪಾಲು ಕೊಡಿ. ಅವರಿಂದ ನಮ್ಮ ಮಂತ್ರಗಳನ್ನು ಹೇಳಿಸಬೇಡಿ. ಬಲಿಪೂಜೆಯಾಗಿದ್ದರೆ ಪರಮಪ್ರಸಾದ (ಪವಿತ್ರ ರೊಟ್ಟಿ) ಹಂಚುವ ಹೊತ್ತಿಗೆ 'ಉಳಿದವರು ಕುಳಿತಲ್ಲಿಯೇ ತಮ್ಮ ಮನಸ್ಸಿನಲ್ಲಿ ಪ್ರಾರ್ಥಿಸಿ' ಎಂದು ಮೃದುವಾಗಿ ತಿಳಿಸಿ. ತಾಂಡಾದ ಕುಟುಂಬವಾಗಿದ್ದರೆ 23ನೆಯ ಕೀರ್ತನೆಯನ್ನು ಲಂಬಾಣಿಯಲ್ಲಿ ಹೇಳಬಲ್ಲ ಅಜ್ಜಿಯನ್ನು ಹುಡುಕಿ.

ಮೆರವಣಿಗೆಗೆ ಪೊಲೀಸರ ಅನುಮತಿ ಬೇಕು, ಧ್ವನಿವರ್ಧಕ ರಾತ್ರಿ ಹತ್ತರ ಬಳಿಕ ಬೇಡ. ಘೋಷಣೆ ಇಲ್ಲದ, ದೀಪ ಹಿಡಿದ ಮೌನ ನಡಿಗೆ ಸಾಕು. ಘಟನೆಯ ವಿಡಿಯೊವನ್ನು ಯಾರೂ ಹಂಚದಂತೆ ಯುವಕರೇ ನೋಡಿಕೊಳ್ಳಲಿ.

ಜನ ಕರಗಿದ ಮೇಲೆ

ಏಳನೆಯ ದಿನ ದೇವಾಲಯ ತುಂಬಿರುತ್ತದೆ, ಮೂವತ್ತನೆಯ ದಿನ ಅರ್ಧ, ಮೂರನೆಯ ತಿಂಗಳು ಮನೆಯವರು ಮಾತ್ರ. ಆದ್ದರಿಂದ ಮೊದಲ ವಾರವೇ ವರ್ಷದ ಪಟ್ಟಿ ಬರೆದಿಡಿ: ಸತ್ತವರ ಹುಟ್ಟಿದ ದಿನ, ನವೆಂಬರ್ 2ರ ಮೃತರ ಸ್ಮರಣೆ, ಮೊದಲ ಕ್ರಿಸ್ಮಸ್, ವರ್ಷದ ಪೂಜೆ. ಪ್ರತಿಯೊಂದಕ್ಕೂ ಮನೆಗೆ ಹೋಗುವ ಇಬ್ಬರ ಹೆಸರು ಇರಲಿ. ಕೆಲಸಕ್ಕೆಂದು ಬೆಂಗಳೂರಿಗೋ ಪುಣೆಗೋ ಹೋದ ಅಣ್ಣತಮ್ಮಂದಿರಿಗೆ ಆ ದಿನ ಫೋನ್ ಮಾಡಿ, ಅದೇ ಕೀರ್ತನೆಯನ್ನು ಅಲ್ಲಿಂದಲೇ ಓದಿಸಿ.

ತಿಂಗಳಾದರೂ ನಿದ್ದೆಯಿಲ್ಲದಿದ್ದರೆ, ಊಟ ಸೇರದಿದ್ದರೆ, ಮಗು ಮಾತು ಬಿಟ್ಟಿದ್ದರೆ, ಸಾಯುವ ಮಾತು ಬಂದರೆ, ಜಪಸರವನ್ನು ಕೈಯಲ್ಲಿಟ್ಟುಕೊಂಡೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡುತ್ತಾರೆ. ಔಷಧಿ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲ ಎಂದು ಗುರುಗಳ ಬಾಯಿಂದಲೇ ಒಮ್ಮೆ ಹೇಳಿಸಿ. ನಮ್ಮ ಜನ ಅವರ ಮಾತನ್ನು ನಂಬುತ್ತಾರೆ.

ಆ ಪಟ್ಟಿಯಲ್ಲಿ ನ್ಯಾಯಾಲಯದ ದಿನಾಂಕಗಳೂ ಇರಬೇಕು. ಆ ಬೆಳಿಗ್ಗೆ ಮೊದಲ ಬಸ್ಸಿಗೆ ಮನೆಯವರ ಜೊತೆ ಇಬ್ಬರು ಹತ್ತಬೇಕು. ಬಸ್ಸಿನಲ್ಲಿ ಒಂದು ದಶಕ, ನ್ಯಾಯಾಲಯದ ಹೊರಗಿನ ಮರದ ಕೆಳಗೆ ಒಂದು ದಶಕ. ವಿಚಾರಣೆ ಮುಂದಕ್ಕೆ ಹೋದರೆ ಮುಂದಿನ ತಾರೀಖನ್ನು ಬರೆದುಕೊಂಡು ಬನ್ನಿ.